ಪಾದಗಳ ಮೇಲೆ ಕುಳಿತ ಕೂಸು

ಆ ದಿನ ನಳ ಬರುವ ದಿನ. ಬೀದರಿನ ಮೈಲೂರು ಬಡಾವಣೆಯ ನಮ್ಮ ಓಣಿಯಲ್ಲಿ ನಳ ಬಂತೆಂದರೆ ಮೊದಲು ಕೊಡಗಳ ಸದ್ದು, ಆಮೇಲೆ ಮೋಟಾರುಗಳ ಸದ್ದು, ಅದರ ಮೇಲೆ ಹೆಂಗಸರ ಮಾತು. ನಾನು ಬಕೆಟ್ಟುಗಳನ್ನು ತುಂಬಿಸಿ, ರಾತ್ರಿಯ ಬಟ್ಟೆ ತುಂಡುಗಳನ್ನು ನೆನೆಹಾಕಿ, ಒಲೆಯ ಮೇಲೆ ಚಹಾಕ್ಕೆ ಇಟ್ಟು ಬರುವಷ್ಟರಲ್ಲಿ ಕೌದಿಯೊಳಗೆ ಮಗಳು ಮಿಸುಕಾಡಿದಳು. ಅವಳಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. ಕಣ್ಣು ಬಿಡುವ ಮೊದಲು ಮೂಗು ತಿಕ್ಕಿಕೊಳ್ಳುವುದು ಅವಳ ರೂಢಿ. ಮೂಗು ತಿಕ್ಕಿ, ಮೈ ಮುರಿದು, ಕೆಳತುಟಿಯನ್ನು ಒಳಗೆ ಎಳೆದುಕೊಂಡಳೆಂದರೆ ಇನ್ನು ಹೊತ್ತಿಲ್ಲ ಎಂದು ನನಗೆ ಗೊತ್ತು. ಎತ್ತಿಕೊಂಡು ಬಚ್ಚಲಿಗೆ ಓಡಿದೆ. ಮಣೆಯ ಮೇಲೆ ಕುಳಿತು, ಪಾದಗಳನ್ನು ತುಸು ಅಗಲಿಸಿ, ಅವುಗಳ ಮೇಲೆ ಅವಳನ್ನು ನನ್ನ ಕಡೆ ಮುಖ ಮಾಡಿ ಕೂಡಿಸಿ, ಕಂಕುಳಲ್ಲಿ ಕೈಕೊಟ್ಟು ಹಿಡಿದು, ‘ಸ್ಸ್ಸ್…’ ಎಂದು ಮೆಲ್ಲಗೆ ಸದ್ದು ಮಾಡಿದೆ. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಭುಜ ಸಣ್ಣಗೆ ನಡುಗಿತು. ನನ್ನ ಹಿಮ್ಮಡಿಗಳ ನಡುವೆ ಬೆಚ್ಚಗೆ ಹರಿಯಿತು. ಆಮೇಲೆ ಅವಳು ನಕ್ಕಳು. ದಿನಾ ನಗುತ್ತಿದ್ದಳು, ದೊಡ್ಡದೊಂದು ಕೆಲಸ ಇಬ್ಬರೂ ಸೇರಿ ಮುಗಿಸಿದೆವು ಎನ್ನುವ ಹಾಗೆ.

ಗೋಡೆಯ ಆಚೆಯಿಂದ ಪಕ್ಕದ ಮನೆಯ ಆಪಾ ಕೂಗಿದರು. ಅವರ ಮಕ್ಕಳೆಲ್ಲ ದೊಡ್ಡವರಾಗಿದ್ದರು. ನಮ್ಮ ಬಚ್ಚಲಿನ ಸದ್ದು ಅವರ ಅಂಗಳಕ್ಕೆ ಚೆನ್ನಾಗಿ ಕೇಳಿಸುತ್ತಿತ್ತು.

“ಭಾಭಿ, ನಿಮ್ಮ ಸೀಟಿ ಕೇಳಿ ನಮ್ಮ ಮನಿಯವ್ರು ಎದ್ದು ಓಡ್ಲತ್ಯಾರ ನೋಡ್ರಿ!”

“ಹೋಗ್ರಿ ಆಪಾ, ನಿಮ್ಮದೊಂದು,” ಎಂದು ನಾನೂ ನಕ್ಕೆ.

ನಾನು ಡೈಪರ್ ಹಾಕದೆ ಮಗಳನ್ನು ಬೆಳೆಸಬೇಕೆಂದು ಹಟ ತೊಟ್ಟವಳಲ್ಲ. ಹೆರಿಗೆಗೆ ಭಾಲ್ಕಿಯ ತವರುಮನೆಗೆ ಹೋಗುವಾಗ ನನ್ನ ಚೀಲದಲ್ಲಿ ಒಂದು ಪ್ಯಾಕೆಟ್ ಇತ್ತು. ಬೇಸಿಗೆ. ಎರಡನೆಯ ವಾರಕ್ಕೇ ಕೂಸಿನ ತೊಡೆಸಂದಿಯಲ್ಲಿ ಕೆಂಪು ಗುಳ್ಳೆಗಳು ಎದ್ದವು. ಅವ್ವ ಅದನ್ನು ಬಿಚ್ಚಿ ಎಸೆದು, ತನ್ನ ಹಳೆಯ ನೂಲಿನ ಸೀರೆಯೊಂದನ್ನು ಚರಚರ ಹರಿದು ಲಂಗೋಟಿ ಮಾಡಿದಳು. ಅವ್ವ ನಿವೃತ್ತ ನರ್ಸು. ಎಷ್ಟೋ ಕೂಸುಗಳನ್ನು ಎತ್ತಿದ ಕೈ. ಆದರೆ ಪಾದದ ಮೇಲೆ ಕೂಡಿಸುವುದನ್ನು ಆಸ್ಪತ್ರೆಯಲ್ಲಿ ಕಲಿತದ್ದಲ್ಲ. ಅವಳ ಅವ್ವ ಅವಳನ್ನು ಹಾಗೆಯೇ ಕೂಡಿಸಿದ್ದಳಂತೆ, ಅವಳು ನನ್ನನ್ನು.

“ಇಷ್ಟ್ ಸಣ್ಣ ಕೂಸಿಗಿ ಏನ್ ತಿಳೀತದವ್ವ?” ಎಂದಿದ್ದೆ ನಾನು.

“ಅದಕ್ಕ ತಿಳೀತದ. ಅದು ಹೇಳ್ಲಿಕತ್ತದ, ನಿನಗ ಕೇಳ್ಸವಲ್ದು. ಹಾಲು ಬೇಡೂದು ತಿಳೀತದಂದ್ರ ಇದು ಯಾಕ ತಿಳೀಬಾರ್ದು?”

ನನಗೆ ಮೊದಮೊದಲು ನಾಚಿಕೆ. ಈ ಮಾತುಗಳನ್ನೇ ಬಾಯಿಗೆ ತರಬಾರದು ಎನ್ನುವ ಕಡೆ ಓದಿದವಳು. ನಮ್ಮ ಕಾನ್ವೆಂಟಿನಲ್ಲಿ ಕಿರುಬೆರಳು ಎತ್ತಿ ನಿಲ್ಲಬೇಕಿತ್ತು. ಸಿಸ್ಟರ್ ಕಂಡರೆ ತಲೆ ಅಲ್ಲಾಡಿಸುವರು, ಕಾಣದಿದ್ದರೆ ಪಾಠ ಮುಗಿಯುವ ತನಕ ಕಾಲಿಗೆ ಕಾಲು ಹೆಣೆದು ಕುಳಿತಿರಬೇಕು. ಹಾಗೆ ಕುಳಿತವಳು ನಾನು, ಈಗ ಅಂಗಳದಲ್ಲಿ ಕುಳಿತು ‘ಸ್ಸ್ಸ್’ ಎನ್ನುವುದೆ? ಆದರೆ ಒಂದು ಮಧ್ಯಾಹ್ನ ಅವ್ವ ಬಜಾರಕ್ಕೆ ಹೋದಾಗ, ತೊಟ್ಟಿಲಲ್ಲಿ ಕೈಕಾಲು ಬಡಿಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ಸುಮ್ಮನಾಯಿತು. ತುಟಿ ಒಳಗೆ ಹೋಯಿತು. ನೋಟ ನನ್ನ ಮೇಲೆ ನಿಂತಿತು. ಏನೋ ಅನ್ನಿಸಿ ಎತ್ತಿ ಪಾದದ ಮೇಲೆ ಕೂಡಿಸಿದೆ. ಹೌದಾಗಿತ್ತು. ಆ ದಿನ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಅವಳು ಅಮ್ಮಾ ಅನ್ನುವುದಕ್ಕೆ ಇನ್ನೂ ತಿಂಗಳುಗಳಿದ್ದವು. ಆದರೆ ನನಗೆ ಏನೋ ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ.

ಬೀದರಿಗೆ ಬಂದ ಮೇಲೆ ಅದು ನಮ್ಮಿಬ್ಬರ ನಡುವಿನ ಗುಟ್ಟಿನ ಹಾಗೆ ಬೆಳೆಯಿತು. ನಿದ್ದೆಯಲ್ಲಿ ಕಾಲು ಒದ್ದರೆ ಒಂದು ಅರ್ಥ, ಹಾಲು ಕುಡಿಯುತ್ತ ನಡುವೆ ಬಿಟ್ಟು ಬಿಟ್ಟು ಹಿಡಿದರೆ ಇನ್ನೊಂದು. ಹಿತ್ತಲಿನ ಹಗ್ಗದ ಮೇಲೆ ಅವ್ವನ ಸೀರೆಯ ತುಂಡುಗಳು ದಿನದಿನಕ್ಕೆ ಕಡಿಮೆಯಾಗುತ್ತಿದ್ದವು. ತಪ್ಪುವುದೂ ಇತ್ತು. ಒಮ್ಮೆ ಯಜಮಾನರು ತಾವೂ ನೋಡಿಕೊಳ್ಳುತ್ತೇನೆಂದು ಆಫೀಸಿನ ಪ್ಯಾಂಟು ಹಾಕಿಕೊಂಡೇ ಅವಳನ್ನು ಪಾದದ ಮೇಲೆ ಕೂಡಿಸಿ ಸೀಟಿ ಊದತೊಡಗಿದರು. ಸಿನೆಮಾ ಹಾಡಿನ ಸೀಟಿ. ಅವಳು ಬಾಯಿ ತೆರೆದು ಹಾಡು ಕೇಳಿದಳು. “ಈಕಿ ಇವತ್ತ ರಜಾ ಹಾಕ್ಯಾಳ” ಎಂದು ಎತ್ತಿ ಹೆಗಲಿಗೆ ಹಾಕಿಕೊಂಡರು. ಮರುಕ್ಷಣ ಅಂಗಿ, ಪ್ಯಾಂಟು ಎಲ್ಲ ಒದ್ದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿದ್ದಾಗಲೂ ಒಳಗೊಳಗೆ ಸಣ್ಣದೊಂದು ಹೆಮ್ಮೆ. ಅವಳು ನನಗೆ ಮಾತ್ರ ಹೇಳುತ್ತಾಳೆ ಎಂದು.

ನಳ ಬಂದಿದ್ದ ಆ ದಿನವೇ ಔರಾದಿನಲ್ಲಿ ಯಜಮಾನರ ತಂಗಿಯ ನಿಶ್ಚಿತಾರ್ಥ. ಅತ್ತೆಯವರು ಅಲ್ಲಿಯೇ ಇರುವುದು. ಹಿಂದಿನ ದಿನ ಫೋನು ಮಾಡಿದ್ದರು. ಅವರು ಜೋರು ಮಾಡುವವರಲ್ಲ. ಕೇಳಿಕೊಳ್ಳುವ ದನಿಯಲ್ಲೇ ಮಾತಾಡುವವರು.

“ನೋಡವ್ವ, ಸಿಟ್ಟಾಗಬ್ಯಾಡ. ಹುಡುಗನ ಕಡಿಯವ್ರು ಹೈದರಾಬಾದಿನವ್ರು. ಚರ್ಚಿನಾಗ ಹೊಸಾ ಜಮಖಾನಿ ಹಾಸ್ಯಾರ. ಪ್ರಾರ್ಥನಾ ನಡೆದಾಗ ನೀ ಕೂಸಿನ್ನ ಎತ್ಗೊಂಡು ಓಡಿದ್ರ ಹ್ಯಾಂಗ ಕಾಣ್ತದ? ಒಂದ್ ದಿನದ ಮಾತದ.”

“ಹೌದ್ರಿ ಅತ್ತಿ, ಡೈಪರ್ ಹಾಕೇ ಕರ್ಕೊಂಡ್ ಬರ್ತೇನಿ,” ಎಂದೆ. ನನಗೂ ಅದು ಸರಿಯೆನಿಸಿತ್ತು. ರೇಷ್ಮೆ ಸೀರೆ, ಬಸ್ಸು, ಅಷ್ಟು ಜನ. ಫೋನು ಬಂದ ಸಂಜೆಯೇ ಯಜಮಾನರು ಪ್ಯಾಕೆಟ್ ತಂದರು.

ಹೊರಡುವ ಮುಂಚೆ ಅದನ್ನು ಹಾಕಿದಾಗ ಅವಳು ತನ್ನ ಸೊಂಟವನ್ನು ತಾನೇ ಮುಟ್ಟಿ ಮುಟ್ಟಿ ನೋಡಿಕೊಂಡಳು. ಅಂಬೆಗಾಲಿಟ್ಟರೆ ಹಿಂದೆ ಚರಚರ ಸದ್ದು. ತಿರುಗಿ ನೋಡುವಳು, ಯಾರು ಬಂದರೆಂದು. “ಬಾತುಕೋಳಿ ಹೊಂಟದ ನೋಡ್” ಎಂದು ಯಜಮಾನರು ನಕ್ಕರು. ನಾನೂ ನಕ್ಕೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಅವಳು ನನ್ನ ತೊಡೆಯ ಮೇಲೆ ನಿಂತು, ಹೊರಗೆ ತೊಗರಿಯ ಹೊಲಗಳಿಗೆ ‘ದಾ, ದಾ’ ಎಂದು ಭಾಷಣ ಮಾಡುತ್ತಿದ್ದಳು. ಸಂತಪುರ ಹತ್ತಿರ ಬಂದಾಗ ಭಾಷಣ ನಿಂತಿತು. ತುಟಿ ಒಳಗೆ ಹೋಯಿತು. ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು.

“ಮಾಡು ಕಂದಾ, ಇಲ್ಲೇ ಮಾಡು. ಏನಾಗಲ್ಲ,” ಎಂದು ಕಿವಿಯಲ್ಲಿ ಹೇಳಿದೆ.

ಅವಳಿಗೆ ಆ ಮಾತಿನಿಂದ ಏನು ತಿಳಿಯಬೇಕು? ಅವಳು ಕಾಯುತ್ತಿದ್ದಳು. ಹೇಳಿಯಾಗಿತ್ತು, ಇನ್ನು ನಾನು ಏಳಬೇಕು, ಎತ್ತಿಕೊಂಡು ಓಡಬೇಕು. ನಾನು ಏಳಲಿಲ್ಲ. ಮತ್ತೊಮ್ಮೆ ನೋಡಿದಳು. ಆಮೇಲೆ ಅಳು. ಹಸಿವಿನ ಅಳುವಲ್ಲ, ನಿದ್ದೆಯ ಅಳುವಲ್ಲ. ಕಾಲುಗಳನ್ನು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಅತ್ತಳು.

ಇಡೀ ಬಸ್ಸಿಗೆ ಕೆಲಸ ಸಿಕ್ಕಿತು. ಮುಂದಿನ ಸೀಟಿನ ಮುದುಕಿ ತಿರುಗಿ, “ಹಸದಾದ ತಂಗಿ, ಎದಿಗಿ ಹಾಕು” ಎಂದಳು. ಹಿಂದಿನವಳೊಬ್ಬಳು, “ಎದಿಗಿ ಬ್ಯಾಡ, ಹೊಟ್ಟ್ಯಾಗ ಗಾಳಿ ತುಂಬ್ಯಾದ, ಬೋರಲ ಹಾಕು” ಎಂದಳು. “ಇಷ್ಟ್ ಚಂದ ಫ್ರಾಕ್ ಹಾಕಿದ್ರ ಕಣ್ಣ ನದರ ಆಗ್ದೇ ಇರ್ತದೇನ್ರಿ?” ಎಂದು ಮೂರನೆಯವಳು. ಯಜಮಾನರಿಗೆ ಮಾತ್ರ ಗೊತ್ತಾಗಿತ್ತು.

“ಬಸ್ ನಿಂದರ್ಸು ಅನ್ಲೇನು?” ಎಂದರು ಸಣ್ಣ ದನಿಯಲ್ಲಿ.

ನಮ್ಮ ಕಡೆ ಕೂಸಿಗಾಗಿ ಬಸ್ಸು ನಿಲ್ಲಿಸಿದರೆ ಯಾರೂ ಬೇಸರ ಮಾಡುವುದಿಲ್ಲ. ಕಂಡಕ್ಟರೇ ಬಾಗಿಲು ತೆರೆದು ನಿಲ್ಲುತ್ತಾನೆ. ರಸ್ತೆಯ ಪಕ್ಕ ಕುಳಿತು, ಅದನ್ನು ಬಿಚ್ಚಿ, ಪಾದದ ಮೇಲೆ ಕೂಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನರ ಮುಂದೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಆಗಲಿಲ್ಲ. “ಬ್ಯಾಡ್ರಿ, ಅದಕ್ಕಂತೇ ಹಾಕೀವಲ್ಲ,” ಎಂದುಬಿಟ್ಟೆ.

ಮತ್ತೆ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಸೆರಗಿನ ಮರೆಯಲ್ಲಿ ಬಾಯಿಯನ್ನು ಅವಳ ಕಿವಿಯ ಹತ್ತಿರ ಒಯ್ದು ಆ ಸದ್ದು ಮಾಡಿದೆ. ‘ಸ್ಸ್ಸ್…’

ಅವಳು ಅಳು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಕೆಳಗೆ ಬಾಗಿ ಏನನ್ನೋ ಹುಡುಕಿದಳು. ನನ್ನ ಪಾದಗಳನ್ನೇ ಇರಬೇಕು. ಅವು ಎಲ್ಲೋ ಸೀಟಿನ ಕೆಳಗೆ, ಚಪ್ಪಲಿಯೊಳಗೆ ಇದ್ದವು. ಮತ್ತೆ ನನ್ನ ಮುಖ ನೋಡಿದಳು. ನಾನು ಇನ್ನೊಮ್ಮೆ ಸದ್ದು ಮಾಡಿದೆ. ಅವಳ ಭುಜ ಸಣ್ಣಗೆ ನಡುಗಿತು. ನನ್ನ ಸೀರೆಗೆ ಒಂದು ಹನಿಯೂ ತಾಗಲಿಲ್ಲ.

ಅವಳು ನಗಲಿಲ್ಲ.

“ಗಾಳೀನೇ ಇತ್ತು, ನಾ ಹೇಳ್ಲಿಲ್ಲೇನು?” ಎಂದು ಹಿಂದಿನ ಸೀಟಿನವಳು ಗೆದ್ದಳು.

ಚರ್ಚಿನಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಜಮಖಾನೆ ಹೊಸದೇ ಇತ್ತು, ಕೆಂಪು ಬಣ್ಣದ್ದು. ಮಗಳು ಕೈಯಿಂದ ಕೈಗೆ ಹೋದಳು. ಹುಡುಗನ ಚಿಕ್ಕಮ್ಮ, “ಎಂಥಾ ಶಾಣ್ಯಾ ಕೂಸ್ರಿ, ಒಂದು ಕಿಟಿಕಿಟಿ ಇಲ್ಲ” ಎಂದಾಗ ಅತ್ತೆಯವರ ಮುಖ ಅರಳಿದ್ದನ್ನು ನಾನು ನೋಡಿದೆ. ಅವರ ಮೇಲೆ ನನಗೆ ಅಂದೂ ಸಿಟ್ಟಿರಲಿಲ್ಲ, ಇಂದೂ ಇಲ್ಲ. ಊಟವಾದ ಮೇಲೆ ಅವರ ಮನೆಯ ಒಳಕೋಣೆಯಲ್ಲಿ ಅದನ್ನು ಬಿಚ್ಚಿದಾಗ ಒದ್ದೆ ಹಿಟ್ಟಿನ ಹಾಗೆ ಭಾರವಾಗಿತ್ತು. ಬಸ್ಸಿನಲ್ಲಿ ಮಾಡಿದ್ದು ಒಂದು ಸಲ. ಉಳಿದದ್ದು ಯಾವಾಗ? ಪ್ರಾರ್ಥನೆಯಲ್ಲೋ, ಉಂಗುರ ತೊಡಿಸುವಾಗಲೋ, ಯಾರ ಕೈಯಲ್ಲಿದ್ದಾಗಲೋ. ಹೇಳಿದ್ದಳೋ ಇಲ್ಲವೋ. ನಾನು ಸಾರಿನ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಓಡಾಡುತ್ತಿದ್ದೆ, ಅವಳ ಕಡೆ ನೋಡಿರಲೇ ಇಲ್ಲ. ಹೊಸದೊಂದು ಹಾಕಿ ಹೊರಗೆ ಬಂದೆ.

ಆಮೇಲಿನದನ್ನೂ ಹೇಳಿಬಿಡುತ್ತೇನೆ. ಒಂದೇ ದಿನಕ್ಕೆ ಎಲ್ಲ ಅಳಿಸಿಹೋಯಿತು ಎಂದರೆ ಸುಳ್ಳಾಗುತ್ತದೆ. ಫೋನಿನಲ್ಲಿ ಹೇಳಿದಾಗ ಅವ್ವ, “ಹುಚ್ಚೀ, ಮತ್ತ ಕೂಡಿಸು, ಮತ್ತ ಕಲೀತದ” ಎಂದಳು. ಕೆಲವು ದಿನ ತುಟಿ ಒಳಗೆ ಹೋಗುತ್ತಿತ್ತು, ನಾನು ಓಡುತ್ತಿದ್ದೆ. ಆದರೆ ಕಪಾಟಿನಲ್ಲಿ ಪ್ಯಾಕೆಟ್ ಇತ್ತು. ನೆಂಟರು ಬಂದರೆ, ಮಳೆ ಹಿಡಿದು ಬಟ್ಟೆ ಒಣಗದಿದ್ದರೆ, ನಾನು ದಣಿದಿದ್ದರೆ ಕೈ ಅತ್ತ ಹೋಗುತ್ತಿತ್ತು. ಅದು ಇದ್ದಾಗ ನಾನು ನೋಡುವುದನ್ನು ಬಿಟ್ಟೆ. ನಾನು ನೋಡದಿದ್ದಾಗ ಅವಳು ಹೇಳುವುದನ್ನು ಬಿಟ್ಟಳು. ಯಾರು ಮೊದಲು ಬಿಟ್ಟೆವೋ ಈಗ ನೆನಪಿಲ್ಲ. ಡೈಪರ್ ಕೆಟ್ಟದ್ದೆಂದು ನಾನು ಯಾರಿಗೂ ಹೇಳುವುದಿಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಅವಳಿಗೂ ಏನೂ ಕೊರತೆಯಾಗಲಿಲ್ಲ. ಎಲ್ಲ ಮಕ್ಕಳ ಹಾಗೆ ತನ್ನ ಹೊತ್ತಿಗೆ ಎಲ್ಲ ಕಲಿತಳು. ಈಗ ಸಾಲೆಗೆ ಹೋಗುತ್ತಾಳೆ, ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಕೆಲವೊಮ್ಮೆ ಊಟದ ನಡುವೆ ಸುಮ್ಮನಾಗಿ ಎಲ್ಲೋ ನೋಡುತ್ತ ಕುಳಿತಿರುತ್ತಾಳೆ. “ಏನಾತು?” ಎನ್ನುತ್ತೇನೆ. “ಏನಿಲ್ಲ ಮಮ್ಮಿ.” ಇರಬಹುದು. ಆದರೆ ಏನೋ ಇದೆ, ಏನೆಂದು ನನಗೆ ಓದಲು ಬರುತ್ತಿಲ್ಲ. ಒಮ್ಮೆ ಬರುತ್ತಿತ್ತಲ್ಲ ಎನ್ನುವುದೇ ನನ್ನ ಸಂಕಟ.

ನಿಶ್ಚಿತಾರ್ಥದ ಆ ಸಂಜೆ ಬೀದರಿಗೆ ಮರಳಿದಾಗ ಓಣಿಯ ದೀಪಗಳು ಹತ್ತಿದ್ದವು. ಯಜಮಾನರು ಹಾಲು ತರಲು ಹೋದರು. ನಾನು ರೇಷ್ಮೆ ಸೀರೆಯನ್ನು ಕೂಡ ಬಿಚ್ಚದೆ, ಮೊದಲು ಅವಳದನ್ನು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಮಣೆಯ ಮೇಲೆ ಕುಳಿತು ಪಾದದ ಮೇಲೆ ಕೂಡಿಸಿದೆ. ಸದ್ದು ಮಾಡಿದೆ. ಅವಳು ಬಕೆಟ್ಟಿನ ಹಿಡಿಕೆಯನ್ನು ಟಣ್ ಟಣ್ ಎನ್ನಿಸುತ್ತಿದ್ದಳು. ಮತ್ತೆ ಮಾಡಿದೆ. ಹಿಡಿಕೆಯೇ ಹೆಚ್ಚಾಯಿತು ಅವಳಿಗೆ. ನನ್ನ ಬಾಯಿ ಒಣಗುವ ತನಕ ಕುಳಿತಿದ್ದು, ದಣಿದಿರಬೇಕು ಎಂದುಕೊಂಡು ಎತ್ತಿ ತಂದು ಕೌದಿಯ ಮೇಲೆ ಬಿಟ್ಟೆ.

ಆಪಾ ಬಂದರು. ನಿಶ್ಚಿತಾರ್ಥದ ಸುದ್ದಿ ಕೇಳದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಕುಳಿತರು.

“ಹುಡುಗ ಹ್ಯಾಂಗಿದ್ದಾನ್ರಿ? ತಲಿಮ್ಯಾಗ ಕೂದಲ ಅದಾವೋ, ನಮ್ಮ ಮನಿಯವರಂಗ ಮೈದಾನೋ?”

“ಅದಾವ್ರಿ ಆಪಾ, ಅದಾವ,” ಎಂದು ನಾನು ನಗುತ್ತಿದ್ದೆ. ಆದರೆ ನನ್ನ ಕಣ್ಣು ಪೂರ್ತಿ ಮಗಳ ಮೇಲಿತ್ತು. ಈ ಸಲ ತಪ್ಪಿಸಬಾರದೆಂದು ನೋಡುತ್ತಲೇ ಇದ್ದೆ. ತುಟಿ ಅಲುಗಲಿಲ್ಲ. ಆಟ ನಿಲ್ಲಲಿಲ್ಲ. ಅವಳು ಆಪಾರ ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತಿದ್ದಳು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಹಾಗೇ ಬಳೆ ಸರಿಸುತ್ತ ಸರಿಸುತ್ತಲೇ ಆಪಾರ ಸಲ್ವಾರಿನ ಮೇಲೆ ಕಪ್ಪಗೆ ಒದ್ದೆ ಹರಡಿತು.

ನಾನು ಧಡಕ್ಕನೆ ಎದ್ದು ಬಟ್ಟೆ ತಂದೆ. ತಪ್ಪಾಯಿತೆಂದೆ, ಬೆಳಿಗ್ಗೆಯಿಂದ ಡೈಪರ್ ಹಾಕಿದ್ದೆ, ಅದಕ್ಕೇ ಇರಬೇಕು ಎಂದೆ. ಮತ್ತೆ ಮತ್ತೆ ಅದನ್ನೇ ಹೇಳಿದೆ. ಅವರ ಬಟ್ಟೆ ಹಾಳಾಯಿತೆಂದು ನಾನು ನೊಂದುಕೊಂಡೆನೆಂದೇ ಅವರು ತಿಳಿದರು.

“ಅರೇ ಭಾಭಿ, ಅದಕ್ಕ್ಯಾಕ ಇಷ್ಟ್ ಫಿಕರ್ ಮಾಡ್ತೀರಿ? ಕೂಸಲ್ಲೇನ್ರಿ,” ಎಂದು ಸಲ್ವಾರ್ ಹಿಂಡಿಕೊಳ್ಳುತ್ತ ಬಾಗಿಲ ಕಡೆ ನಡೆದರು. “ಡೈಪರ್ ರೂಢಿ ಮಾಡ್ಸೀರಂದ್ರ ಛಲೋನೇ ಆತು. ಇನ್ನ ಬಜಾರಕ್ಕ ಹೋಗೂದಿದ್ರ ನನ್ನ ಕಡಿ ಬಿಟ್ಟು ಹೋಗ್ರಿ. ಇನ್ನ ಈಕಿ ಯಾರ ಕಡಿ ಇದ್ರೂ ನಡೀತದ.”