ಹೊಳೆ ಮರಳಲ್ಲಿ ಚಿಕ್ಕಲಕ್ಷ್ಮಮ್ಮನ ತಾಳಿ

ಕೆಂಪಣ್ಣನಿಗೆ ಸಿಟ್ಟು ಮೂಗಿನ ತುದೀಲಿ ಅಂದರೆ ಕಮ್ಮಿಯಾಯಿತು. ಅದು ಮೂಗಿಗಿಂತ ಒಂದು ಗೇಣು ಮುಂದೆಯೇ ಓಡಾಡುತ್ತಿತ್ತು. ಮೋಟರು ಹತ್ತಲಿಲ್ಲ ಅಂತ ಸ್ಟಾರ್ಟರ್ ಡಬ್ಬಕ್ಕೆ ಒದ್ದು ಕಾಲುಬೆರಳು ಊದಿಸಿಕೊಂಡ ಆಸಾಮಿ. ಹೊಳೆನರಸೀಪುರದ ಮಗ್ಗುಲ ಹಳ್ಳಿಯವನು, ಶುಂಠಿ ಬೆಳೆಯೋದರಲ್ಲಿ ಮಾತ್ರ ಅವನ ಕೈಗುಣ ಒಳ್ಳೇದು ಅಂತ ಆಗದವರೂ ಒಪ್ಪುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶುಂಠಿ ಮೂಟೆ ಎತ್ತುವಾಗ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತ. ಹಾಸನಕ್ಕೆ ಸಾಗಿಸಿ ಸ್ಟೆಂಟ್ ಹಾಕಿಸಿಕೊಂಡು ಬಂದರು. ಗಂಡ ಎದ್ದು ಮನೆಗೆ ಬಂದರೆ ಹೇಮಾವತೀಲಿ ಮುಳುಗು ಹಾಕಿ ಗಂಗೆ ಪೂಜೆ ಮಾಡ್ತೀನಿ ಅಂತ ಹೆಂಡತಿ ಚಿಕ್ಕಲಕ್ಷ್ಮಮ್ಮ ಆಸ್ಪತ್ರೆಯ ವರಾಂಡದಲ್ಲೇ ಹರಕೆ ಹೊತ್ತಳು. ಹರಕೆ ತೀರಿಸೋಕೆ ಹೋದ ದಿನವೇ ಅವಳ ತಾಳಿ ಹೊಳೆ ಪಾಲಾಯಿತು.

ಆಗಿದ್ದು ಇಷ್ಟೇ. ತಾಳಿಯ ದಾರ ಸವೆದಿತ್ತು. ಹೊಸ ದಾರಕ್ಕೆ ಪೋಣಿಸಬೇಕು ಅಂದರೆ ಒಳ್ಳೇ ದಿನ ನೋಡಬೇಕಲ್ಲ? ಯುಗಾದಿ ಕಳೀಲಿ, ಅಲ್ಲೀಗಂಟ ಇರಲಿ ಅಂತ ತಾಳಿ, ಗುಂಡು ಎರಡನ್ನೂ ಒಂದು ಪಿನ್ನಿಗೆ ಸಿಕ್ಕಿಸಿ ಆ ಹಳೇ ದಾರಕ್ಕೇ ಹಾಕಿಕೊಂಡಿದ್ದಳು. ಮುಳುಗು ಹಾಕಿ, ಪೂಜೆ ಮುಗಿಸಿ, ಮರಳ ಮೇಲೆ ಒದ್ದೆ ಸೀರೆ ಹಿಂಡಿ, ಮನೆಗೆ ಬಂದು ನೋಡಿಕೊಂಡರೆ ಕುತ್ತಿಗೆಯಲ್ಲಿ ಬರೀ ದಾರ.

ಅಳಲಿಲ್ಲ. ಆ ಗಳಿಗೆಯಲ್ಲೇ ದಾರಕ್ಕೆ ಒಂದು ಅರಿಶಿನದ ಕೊಂಬು ಕಟ್ಟಿಕೊಂಡಳು. ಅವತ್ತಿನಿಂದ ರಾತ್ರಿ ಊಟ ಬಿಟ್ಟು ಒಪ್ಪತ್ತು ಹಿಡಿದಳು. ಹೊಸ ತಾಳಿ ಮಾಡಿಸೋಣ ಬಾ ಅಂದರೆ ಒಲ್ಲೆ ಅಂದಳು. ಗಂಡನ್ನ ಉಳಿಸಿಕೊಟ್ಟ ಗಂಗಮ್ಮನೇ ತಾಳಿ ಕಿತ್ತುಕೊಂಡಳು, ಇನ್ನೇನು ಕಾದಿದೆಯೋ ಅನ್ನೋ ಅಂಜಿಕೆ ಅವಳನ್ನ ಒಳಗೊಳಗೇ ತಿನ್ನುತ್ತಿತ್ತು.

ಕೆಂಪಣ್ಣ ರೇಗಿದ. "ತಾಳಿ ಓದ್ರೆ ನಾನೂ ಓಯ್ತೀನಾ? ಇನ್ನೇನೂ ಬಯ ಇಲ್ಲ ಅಂತ ಡಾಕ್ಟ್ರೇ ಯೋಳವ್ರೆ."

"ಡಾಕ್ಟ್ರು ಯೋಳವ್ರೆ ಕಣಿ. ಗಂಗಮ್ಮ ಯೋಳವ್ಳಾ?"

ಹೆಂಗಸು ದಿನೇ ದಿನೇ ಇಳಿದುಹೋಗುತ್ತಿದ್ದಳು. ಎರಡು ಹೊತ್ತು ಉಣ್ಣಬೇಕಾದರೆ ತಾಳಿ ಸಿಗಬೇಕು, ಬೇರೆ ದಾರಿಯಿಲ್ಲ.

ಬಾಮೈದ ಮೋಹನ್‌ಕುಮಾರ ಹಾಸನದಲ್ಲಿ ಕಂಟ್ರಾಕ್ಟರೊಬ್ಬನ ಕೆಳಗೆ ಕೆಲಸಕ್ಕಿದ್ದ. ನೆಲದಡಿ ಹೂತ ಪೈಪು, ಕೇಬಲ್ಲು ಎಲ್ಲಿವೆ ಅಂತ ಮೆಷಿನ್ ಹಿಡಿದು ಹುಡುಕೋ ಕೆಲಸ. ಅಕ್ಕನ ಕತೆ ಕೇಳಿ ಒಂದು ಭಾನುವಾರ ಆ ಮೆಟಲ್ ಡಿಟೆಕ್ಟರನ್ನೇ ತಂದ. ಉದ್ದ ಕೋಲು, ತುದಿಯಲ್ಲಿ ಊಟದ ತಟ್ಟೆಯಂಥದು, ಲೋಹದ ಮೇಲೆ ಆಡಿಸಿದರೆ ಕುಂಯ್ ಅನ್ನುತ್ತದೆ. ತಟ್ಟೆ ನೆಲಕ್ಕೆ ಹತ್ತಿರ ಇರಬೇಕು, ನಿಧಾನ ಆಡಿಸಬೇಕು, ಒಂದು ಸಾಲಿನ ಪಕ್ಕಕ್ಕೇ ಇನ್ನೊಂದು ಸಾಲು ಹೋಗಬೇಕು ಅಂತ ಹೇಳಿಕೊಟ್ಟ. ಸಾಲು ಹೊಡೆಯೋದ ನನಗೇ ಕಲಿಸ್ತೀಯಾ ಅಂತ ಕೆಂಪಣ್ಣ ಅವನ ಕೈಯಿಂದ ಕಿತ್ತುಕೊಂಡ. ಸಾಯಂಕಾಲ ಬಂದು ಮೆಷಿನ್ ತಗೋತೀನಿ ಅಂತ ಮೋಹನ ಬೈಕು ಹತ್ತಿದ.

ಬೇಸಿಗೆಯ ಹೊಳೆ. ನೀರು ಆಚೆ ದಡಕ್ಕೆ ಸರಿದು, ಈಚೆ ಸೇತುವೆ ತನಕ ಬರೀ ಮರಳು. ಚಿಕ್ಕಲಕ್ಷ್ಮಮ್ಮ ಕೊಡೆ ಬಿಚ್ಚಿಕೊಂಡು, ಗಂಡನ ಮಾತ್ರೆ ಚೀಲ ತೊಡೆಮೇಲೆ ಇಟ್ಟುಕೊಂಡು ಕೂತಳು. ಕೆಂಪಣ್ಣ ಹುಲ್ಲು ಕುಯ್ಯುವವನಂತೆ ಮೆಷಿನ್ ಬೀಸಿದ. ಕುಂಯ್ ಅಂತು, ಬಗೆದ, ಬಾಟಲಿ ಮುಚ್ಚಳ. ಮತ್ತೆ ಕುಂಯ್, ಗುಟ್ಕಾ ಚೀಟಿ. ಮತ್ತೆ ಬಗೆದ, ತುಕ್ಕು ಮೊಳೆ.

ಟ್ರಾಕ್ಟರ್ ತೊಳೆಯೋಕೆ ಬಂದಿದ್ದ ಪಾಲಾಕ್ಷ ನೀರಲ್ಲಿ ನಿಂತೇ ಕೂಗಿದ. "ಏನ್ ಕೆಂಪಣ್ಣ, ಒಳೆಗೆ ಇಸಿಜಿ ಮಾಡ್ತಿದ್ದೀಯಾ?"

"ಬಾರ್ಲಾ, ಮೊದ್ಲು ನಿನ್ ತಲೆಗೆ ಇಡಿತೀನಿ. ಒಳಗೆ ಏನಾರ ಐತಾ ನೋಡುಮ."

ಬೆಳಗಿನ ಎಳೆ ಬಿಸಿಲು ಕಾಯುವ ಹೊತ್ತಿಗೆ ಕಾಸುಗಳು ಶುರುವಾದವು. ಸೇತುವೆ ಮೇಲೆ ಬಸ್ಸು ಹೋಗುವಾಗ ಕೈಮುಗಿದು ಎಸೆದವು, ಗಂಗೆ ಪೂಜೆಗೆ ಬಿಟ್ಟವು. ಗಂಗಮ್ಮನಿಗೆ ಕೊಟ್ಟದ್ದನ್ನ ಮನೆಗೆ ತರುವವನು ಉದ್ಧಾರವಾಗಲ್ಲ ಅನ್ನೋದು ಆ ಸೀಮೇಲಿ ಹಾಲು ಕುಡಿಯೋ ಮಗುವಿಗೂ ಗೊತ್ತು. ಕೆಂಪಣ್ಣ ಒಂದೊಂದು ಕಾಸನ್ನೂ ಕಣ್ಣಿಗೆ ಒತ್ತಿಕೊಂಡು, ಭಕ್ತಿಯಿಂದ ಹೆಗಲ ಮೇಲಿಂದ ಹಿಂದಕ್ಕೆ ಎಸೆದ. ಸಾಲು ಮುಗಿಸಿ ತಿರುಗಿದರೆ ಮೆಷಿನ್ ಮತ್ತೆ ಅರಚಿತು. ಮತ್ತೆ ಬಗೆದ, ಮತ್ತೆ ಒತ್ತಿಕೊಂಡ, ಮತ್ತೆ ಎಸೆದ. ಬಿಸಿಲು ನೆತ್ತಿಗೆ ಬಂತು. ಅಂಗಿ ಒದ್ದೆ, ಮಾತೆಲ್ಲ ಬೈಗುಳ. ಈ ಹೊಳೇಲಿ ಮರಳಿಗಿಂತ ಕಾಸೇ ಜಾಸ್ತಿ ಅಂತ ಮೆಷಿನ್ನನ್ನ ನೆಲಕ್ಕೆ ಕುಕ್ಕಿದ.

ಕೊಡೆ ಕೆಳಗಿಂದ ಚಿಕ್ಕಲಕ್ಷ್ಮಮ್ಮ ಅಂದಳು. "ಆ ಅರಿಸ್ನ ಅಂಟಿರೋ ಎರಡ್ರೂಪಾಯ್ನ ಆಗ್ಲೇ ಮೂರ್ ಸಲ ತೆಗುದ್ರಿ ಕಣಿ."

ಕೆಂಪಣ್ಣ ಅಂಗೈ ನೋಡಿಕೊಂಡ. ಹೌದು. ಅರ್ಧ ದಿನ ತಾನೇ ಬಿತ್ತಿ ತಾನೇ ಕಿತ್ತಿದ್ದಾನೆ. ರೇಗೋಣ ಅಂದರೆ ಯಾರ ಮೇಲೆ? ಪಾಲಾಕ್ಷ ಟ್ರಾಕ್ಟರಿನ ಮರೆಗೆ ಹೋಗಿ ನಗುತ್ತಿದ್ದ.

ಚಿಕ್ಕಲಕ್ಷ್ಮಮ್ಮ ಎದ್ದು ಬಂದು ಸೆರಗೊಡ್ಡಿದಳು. ಸಿಕ್ಕಿದ್ದೆಲ್ಲ ಇದರೊಳಗೆ ಹಾಕಿ, ಮುಡಿಪು ಅಂದುಕೊಳ್ಳಿ, ಕೊನೆಗೆ ಒಟ್ಟಿಗೆ ಗಂಗಮ್ಮನಿಗೇ ಒಪ್ಪಿಸೋಣ ಅಂದಳು. ಆಮೇಲೆ ಕೆಲಸ ಸಾಗಿತು. ಅವನು ಬಗೆಯೋದು, ಅವಳು ಆಯೋದು. ಸಾಲು ಸಾಲಾಗಿ ಮರಳು ತೆಪ್ಪಗಾಯಿತು. ಅವನ ಕೈಯೂ ನಿಧಾನವಾಯಿತು.

ಹೊತ್ತು ಇಳಿಯುವಾಗ, ಅವಳು ಅವತ್ತು ಸೀರೆ ಹಿಂಡಿದ್ದ ಬಂಡೆಯ ಬುಡದಲ್ಲಿ ಮೆಷಿನ್ ಸಣ್ಣಗೆ ಕುಂಯ್‌ಗುಟ್ಟಿತು. ಕೆಂಪಣ್ಣ ಬೆರಳಲ್ಲೇ ಕೆದಕಿದ. ಬಾಯಿ ಬಿಟ್ಟ ಪಿನ್ನು. ಅದರ ಸುರುಳಿಗೆ ಸಿಕ್ಕಿಕೊಂಡು ಒಂದು ಚಿನ್ನದ ಗುಂಡು. ಅವಳು ತಿರುಗಿಸಿ ನೋಡಿ, ತನ್ನದೇ ಅಂದಳು. ತಾಳಿ ಇರಲಿಲ್ಲ.

ಅವನು ಮಂಡಿಯೂರಿ ಬಂಡೆಯ ಸುತ್ತ ಮೊಣಕೈ ಆಳ ತೋಡಿದ. ಮತ್ತೆ ಮತ್ತೆ ಮೆಷಿನ್ ಹಿಡಿದ. ಸದ್ದೇ ಇಲ್ಲ. ಜರಡಿ ತರ್ತೀನಿ, ನಾಳೆ ಆಳು ಕರೀತೀನಿ, ತಾಳಿ ಸಿಗೋಗಂಟ ಜಾಗ ಬಿಟ್ಟು ಕದಲಲ್ಲ ಅಂತ ಹಟ ಹಿಡಿದ. ಮೊನ್ನೆತನಕ ತಾಳಿಗೂ ಜೀವಕ್ಕೂ ಏನು ಸಂಬಂಧ ಅಂತಿದ್ದವನು ಇವನೇ.

ಚಿಕ್ಕಲಕ್ಷ್ಮಮ್ಮ ಗುಂಡನ್ನ ಸೆರಗಲ್ಲಿ ಒರೆಸಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅಂದಳು. "ಸಾಕು ಏಳಿ. ಕಿತ್ಕೊಳ್ಳೋ ಅಂಗಿದ್ರೆ ಎರಡ್ನೂ ಇಟ್ಕೋತಿದ್ಲು. ನಿಮ್ಗೆ ಬಂದಿದ್ದ ಗಂಡಾಂತರಕ್ಕೆ ತಾಳಿ ತಗೊಂಡವ್ಳೆ, ನಂಗೆ ಅಂತ ಗುಂಡು ಬಿಟ್ಟವ್ಳೆ. ಓಸ ತಾಳಿ ಮಾಡ್ಸಿ, ಇದುನ್ನ ಪಕ್ಕಕ್ಕೆ ಪೋಣುಸ್ಕೋತೀನಿ."

"ಇನ್ನೊಂದ್ ಗಳಿಗೆ ನೋಡ್ತೀನಿ ಕಣೆ."

"ಅಸಿವಾಯ್ತದೆ, ನಡೀರಿ."

ಕೆಂಪಣ್ಣ ತಲೆಯೆತ್ತಿ ಅವಳ ಮುಖ ನೋಡಿದ. ಕೈ ಕೊಡವಿಕೊಂಡು ಎದ್ದ. ಇಬ್ಬರೂ ಆಚೆಗೆ ನೀರು ಹರಿಯುವಲ್ಲಿಗೆ ಹೋಗಿ, ಸೊಂಟದಾಳದಲ್ಲಿ ನಿಂತು ಸೆರಗಿನ ಕಾಸನ್ನೆಲ್ಲ ಗಂಗಮ್ಮನಿಗೆ ಒಪ್ಪಿಸಿದರು.

ಮೋಹನನ ಕೈಗೆ ಮೆಷಿನ್ ಕೊಟ್ಟು, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದರು. ಅವಳು ಮುದ್ದೆ ಮುಗಿಸಿ ಅನ್ನ ಕೇಳಿದಳು. ಸಪ್ಲೈಯರು ಒಂದು ಸೌಟು ಹಾಕಿ ಮುಂದಕ್ಕೆ ಹೋದ. ಕೆಂಪಣ್ಣ ಹೋಟೆಲೆಲ್ಲ ತಿರುಗಿ ನೋಡುವ ಹಾಗೆ ರೇಗಿದ, ಏನಯ್ಯ ಕೋಳಿಗೆ ಎರಚಿದಂಗೆ ಎರಚ್ತೀಯಾ, ಬಾ ಇಲ್ಲಿ, ಸರಿಯಾಗಿ ಬಡಿಸು ಅಂತ.