ಗೋಡೆಯ ಮೇಲೆ ಅಮ್ಮನ ಬೆನ್ನು

ಹಸಿ ಬಣ್ಣದ ವಾಸನೆ ಬಂದರೆ ನನಗೆ ಇವತ್ತಿಗೂ ಅದರ ಬೆನ್ನಿಗೇ ಈರುಳ್ಳಿ ಸಿಪ್ಪೆಯ ವಾಸನೆ ಬರುತ್ತದೆ. ಕಳೆದ ವಾರ ಮಗಳನ್ನು ಕರೆದುಕೊಂಡು ಫ್ಲ್ಯಾಟ್ ಬುಷ್ ಬಡಾವಣೆಯ ನಮ್ಮ ಹಳೇ ಬೀದಿಗೆ ಹೋಗಿದ್ದೆ. ಹಾಲು, ಬ್ರೆಡ್ಡು ಮಾರುವ ಮೂಲೆಯ ಡೇರಿ ಅಂಗಡಿಯ ಪಕ್ಕದ ಗೋಡೆಗೆ ಇಬ್ಬರು ಬೂದು ಬಣ್ಣ ಹೊಡೆಯುತ್ತಿದ್ದರು. ಅದರ ಮೇಲೆ ಚಿತ್ರವಾಗಿದ್ದ ಏಳು ಹೆಂಗಸರಲ್ಲಿ ಆರು ಮಂದಿ ಆಗಲೇ ಅಳಿಸಿಹೋಗಿದ್ದರು. ಉಳಿದಿದ್ದು ನಮ್ಮಮ್ಮನ ಬೆನ್ನು.

ನನಗಾಗ ಹತ್ತು ವರ್ಷ. ಆ ಅಂಗಡಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಮೈಸೂರಿನಿಂದ ಈ ದೇಶಕ್ಕೆ ಓದಲು ಬಂದಿದ್ದ ಅಪ್ಪನನ್ನೂ ನನ್ನನ್ನೂ ಸಾಕುತ್ತಿದ್ದವಳು ಅಮ್ಮ. ಬೆಳಿಗ್ಗೆ ವ್ಯಾನ್ ಹತ್ತಿ ಪುಕೆಕೊಹೆಯ ಈರುಳ್ಳಿ ಹೊಲಕ್ಕೆ ಹೋದರೆ ಸಂಜೆ ಜಡೆಯ ತುಂಬ ಒಣ ಸಿಪ್ಪೆ ಹೊತ್ತು ಬರುತ್ತಿದ್ದಳು. ಹೊಸಿಲ ಮೇಲೆ ಕೂತು ನಾನು ಒಂದೊಂದನ್ನೇ ಆರಿಸುತ್ತಿದ್ದೆ. ಆ ಬೇಸಿಗೆಯಲ್ಲಿ, ನೆರಳಿಲ್ಲ, ನೀರಿಲ್ಲ, ಶೌಚಾಲಯವಂತೂ ಇಲ್ಲವೇ ಇಲ್ಲ ಎಂದು ಏಳು ಹೆಂಗಸರು ಕೆಲಸ ಬಿಟ್ಟು ಹೊಲದ ಬದಿಯಲ್ಲಿ ಕೂತುಬಿಟ್ಟರು. ಮೊದಲು ಕೂತವಳು ಅಮ್ಮ, ಒಂದಕ್ಷರ ಇಂಗ್ಲಿಷ್ ಬಾರದ ನಮ್ಮಮ್ಮ! ಮೂರನೇ ದಿನಕ್ಕೆ ಮೂರೂ ಬಂದವು.

ಅಂಗಡಿಯ ಗೋಡೆಯ ಮೇಲೆ ಅವರ ಚಿತ್ರ ಬರೆಯಲು ಬಂದವರು ಎಲೆನಾ ಆಂಟಿ. ಕ್ಯಾಲಿಫೋರ್ನಿಯಾದವರು, ಮೆಕ್ಸಿಕೊ ಮೂಲದವರು. ಅಲ್ಲಿ ಅಂಥ ಹೆಂಗಸರಿಗಿರುವ ಹೆಸರು ಹಿಡಿದು, "ನಾನು ಚಿಕಾನಾ" ಎಂದು ಎದೆ ತಟ್ಟಿ ಹೇಳಿಕೊಳ್ಳುತ್ತಿದ್ದರು. ದ್ರಾಕ್ಷಿ ತೋಟದ ಮುಷ್ಕರದಲ್ಲಿ ನಿಂತಿದ್ದ ತಾಯಿಯ ಮಗಳಂತೆ. ಅವರ ಊರಿನಲ್ಲಿ ಅಂಥ ಹೆಂಗಸರನ್ನು ಗೋಡೆಗಳ ಮೇಲೆ ಮನೆಯೆತ್ತರ ಬರೆಯುತ್ತಾರಂತೆ. ಅಮ್ಮನ ಸರದಿಯ ಭಾನುವಾರ ಅವಳು ತಲೆಗೆ ಸ್ನಾನ ಮಾಡಿ, ಮದುವೆಯ ಓಲೆ ಹಾಕಿ, ದೊಡ್ಡ ಬೊಟ್ಟಿಟ್ಟುಕೊಂಡು ಬಂದು ನಿಂತಳು. ಯಾವ ಕಡೆ ನೋಡುತ್ತಾಳೆ ಕೇಳು ಎಂದು ಆಂಟಿ ನನಗೆ ಹೇಳಿದರು. ಇಬ್ಬರ ನಡುವೆ ಮಾತು ದಾಟಿಸುವವಳು ನಾನೇ ತಾನೆ? ನನ್ನ ಕ್ಲಾಸಿನ ಹುಡುಗಿಯರೆಲ್ಲ ಐಸ್‌ಕ್ರೀಮಿಗೆ ಬರುವ ಅಂಗಡಿ ಅದು. ಈರುಳ್ಳಿ ಕೀಳುವವಳು ನಮ್ಮಮ್ಮ ಎಂದು ಅವರಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಅಮ್ಮನಿಗೆ ಮುಖ ತೋರಿಸಲು ಇಷ್ಟವಿಲ್ಲವಂತೆ ಎಂದು ಆಂಟಿಗೆ ಹೇಳಿದೆ. ಅಮ್ಮನಿಗೆ, "ಆ ಕಡೆ ತಿರುಗಿ ನಿಂತ್ಕೋಬೇಕಂತೆ" ಅಂದೆ.

"ಹಾಗಂದ್ರಾ?" ಅಂದಳು. ಬೊಟ್ಟನ್ನು ಒಮ್ಮೆ ಮುಟ್ಟಿ ನೋಡಿಕೊಂಡು ತಿರುಗಿ ನಿಂತಳು.

ಆರು ಜನ ರಸ್ತೆಯನ್ನು ನೋಡುತ್ತಿದ್ದರು, ಅಮ್ಮ ಮಾತ್ರ ಗೋಡೆಯೊಳಗೆ. ಹಾಲು ತರಲು ಹೋದಾಗಲೆಲ್ಲ ಅವಳು ಅಲ್ಲಿ ನಿಲ್ಲುತ್ತಿದ್ದಳು. ಒಮ್ಮೆ, "ಎಲ್ಲರ ಮುಖಾನೂ ಬರೆದ್ರು. ನನ್ನದು ಅಷ್ಟು ಚೆನ್ನಾಗಿರ್ಲಿಲ್ವೇನೋ, ಅಲ್ವಾ ಪುಟ್ಟಿ?" ಎಂದು ಕೇಳಿದಳು. "ಹೋಗಮ್ಮ, ನೀನೊಬ್ಬಳು" ಎಂದು ನಕ್ಕುಬಿಟ್ಟೆ. ಥೂ, ನನ್ನ ನಾಲಿಗೆಗಿಷ್ಟು! ಆಸ್ಪತ್ರೆಯಲ್ಲಿ ಕಡೆಯ ಹದಿನೈದು ದಿನ ಅವಳ ಕೈ ಹಿಡಿದು ಕೂತಿದ್ದೆನಲ್ಲ, ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ತನ್ನ ಮುಖ ಬರೆಯಲು ತಕ್ಕದ್ದಲ್ಲ ಎಂದುಕೊಂಡೇ ಅಮ್ಮ ಹೋದಳು.

ಬಣ್ಣದ ರೋಲರ್ ಜಡೆಯ ತುದಿಗೆ ಬಂದಿತ್ತು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಮಾತಾಡುವ ಮಗಳು, ಅಜ್ಜಿ ಯಾಕೆ ಹಾಗೆ ತಿರುಗಿ ನಿಂತಿದ್ದಾಳೆ ಎಂದು ಕೇಳಿದಳು. ಬಾಯಿ ತೆರೆದೆ.

"ಅಜ್ಜಿಗೆ ಮುಖ ತೋರಿಸೋಕೆ ಇಷ್ಟ ಇರ್ಲಿಲ್ಲ ಕಂದಾ" ಅಂದೆ.