ಅತ್ತಿಗೆ ಕೆಡಿಸದ ಮಡಿ

ನನ್ನ ಅತ್ತಿಗೆ ಅನಂತಲಕ್ಷ್ಮಿಯನ್ನು ವಿಜಯನಗರದ ನಮ್ಮ ಬೀದಿಯವರೆಲ್ಲ ಪುಣ್ಯಾತ್ಗಿತ್ತಿ ಎನ್ನುತ್ತಿದ್ದರು. ಹಾಗೆಂದವರ ಎದುರು ಅತ್ತಿಗೆ ನಿಲ್ಲುತ್ತಲೇ ಇರಲಿಲ್ಲ. ಸಾರು ಉಕ್ಕುತ್ತಿದೆ ಎಂದು ಒಳಗೆ ಹೋಗಿಬಿಡುತ್ತಿದ್ದರು. ಒಲೆಯ ಮೇಲೆ ಸಾರೇ ಇರುತ್ತಿರಲಿಲ್ಲ.

ನಾನು ಪ್ರಭಾ, ಅವರ ಗಂಡ ಚಕ್ರಪಾಣಿಯ ಚಿಕ್ಕಪ್ಪನ ಮಗಳು, ಅದೇ ಬೀದಿಯವಳು. ಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ ಬಾಯಿ ಸ್ವಲ್ಪ ಜೋರು. ಮಡಿ, ಮೈಲಿಗೆ ಎಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎಪ್ಪತ್ಮೂರನೇ ಇಸವಿಯ ಆ ತಿಥಿಯೇ ಅದಕ್ಕೆ ಕಾರಣ.

ಅವತ್ತು ಅತ್ತಿಗೆಯ ಮಾವ, ನನ್ನ ದೊಡ್ಡಪ್ಪನ ತಿಥಿ. ಅತ್ತಿಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯುಟ್ಟು, ಯಾರನ್ನೂ ಮುಟ್ಟದೆ ಅಡುಗೆ ಮಾಡುತ್ತಿದ್ದರು. ಸ್ನಾನವಾಗದವರನ್ನು ಮುಟ್ಟಿದರೆ ಮಾಡಿದ ಅಡುಗೆಯೆಲ್ಲ ಮೈಲಿಗೆ. ಮತ್ತೆ ಮಿಂದು ಮೊದಲಿನಿಂದ ಶುರುಮಾಡಬೇಕು. ಅತ್ತಿಗೆಯ ಅತ್ತೆ, ಅಂದರೆ ನನ್ನ ದೊಡ್ಡಮ್ಮ, ಇನ್ನೂ ಸ್ನಾನ ಮಾಡಿರಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಜಾರಿ ಬಿದ್ದು "ಅನಂತೂ" ಎಂದು ಕೂಗಿದರು. ಅತ್ತಿಗೆ ಹಿತ್ತಲ ಬಾಗಿಲಿಗೆ ಓಡಿ ಬಂದರು. ಬಂದು ಅಲ್ಲೇ ನಿಂತರು.

ಗಂಡನನ್ನು ಕರೆದರು. ಉತ್ತರವಿಲ್ಲ. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತಿರಬೇಕು ಎಂದುಕೊಂಡರು. ದೊಡ್ಡಮ್ಮ ನೆಲದ ಮೇಲೆ ನರಳುತ್ತಿದ್ದರು, ಇವರು ಸೌಟು ಹಿಡಿದು ನೋಡುತ್ತಿದ್ದರು. ಕೊನೆಗೆ ಹಾಲು ತಂದ ಮಾರೇನಹಳ್ಳಿಯ ಲಿಂಗಮ್ಮ ಕ್ಯಾನು ಕೆಳಗಿಟ್ಟು, ಬೇಲಿ ಸರಿಸಿ ಒಳಗೆ ಬಂದು, ದೊಡ್ಡಮ್ಮನನ್ನು ಎತ್ತಿ ಕೂರಿಸಿದಳು.

ಸೊಂಟದ ಮೂಳೆ ಮುರಿದಿತ್ತು. ಅದು ಬಿದ್ದಾಗಲೇ ಮುರಿದದ್ದು, ಯಾರು ಎಷ್ಟು ಬೇಗ ಬಂದಿದ್ದರೂ ಅಷ್ಟೇ ಎಂದರು ಡಾಕ್ಟರು. ದೊಡ್ಡಮ್ಮ ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ, ಶ್ರಾವಣದಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ನೋಡಲು ಬಂದವರಿಗೆಲ್ಲ ಒಂದೇ ಮಾತು: "ನಾನು ಬಿದ್ದು ಒದ್ದಾಡ್ತಿದ್ರೂ ನನ್ನ ಸೊಸೆ ಮಡಿ ಕೆಡಿಸ್ಲಿಲ್ಲ ಕಣ್ರೀ. ಯಜಮಾನರ ತಿಥಿ ನಿಲ್ಲಕ್ಕೆ ಬಿಡ್ಲಿಲ್ಲ."

ಬೈದಿದ್ದರೆ ಅತ್ತಿಗೆ ತಡೆದುಕೊಳ್ಳುತ್ತಿದ್ದರು. ಆ ಹೊಗಳಿಕೆಯೇ ಅವರನ್ನು ತಿಂದುಹಾಕಿತು. ದೊಡ್ಡಮ್ಮ ಹೋದ ಮೇಲೆ ಚಕ್ರಪಾಣಿ ಅಣ್ಣ ಅದೇ ರಾಗ ಹಿಡಿದ. ಮನೆಗೆ ಬಂದವರೆದುರಿಗೆಲ್ಲ ಹೆಂಡತಿಯ ಮಡಿಯ ಗುಣಗಾನ. ಅತ್ತಿಗೆಗೆ ಅನ್ನ ಸೇರದು, ನಿದ್ದೆ ಹತ್ತದು.

"ಅದನ್ನ ಹೊಗಳಬೇಡಿ ಅಂತ ಹೇಳ್ಬಿಡಿ ಅತ್ತಿಗೆ" ಎಂದೆ.

"ಏನಂತ ಹೇಳ್ಲಿ ಪ್ರಭಾ? ಎತ್ತಬೇಕು ಅಂತ ಅನ್ನಿಸ್ತು. ವಡೆ, ಪಾಯಸ ಎಲ್ಲಾ ಆಗೋಗಿದೆ, ಮತ್ತೆ ಮಾಡ್ಬೇಕಲ್ಲ ಅಂತಾನೂ ಅನ್ನಿಸ್ತು. ಅದನ್ನ ಯಾವ ಬಾಯಲ್ಲಿ ಹೇಳ್ಲಿ?"

ದೊಡ್ಡಮ್ಮ ಹೋಗಿ ವರ್ಷ ತುಂಬುತ್ತ ಬಂದ ಹೊತ್ತಿಗೆ ಲಿಂಗಮ್ಮನಿಗೆ ಎಮ್ಮೆ ಒದ್ದು ಕಾಲು ಮುರಿಯಿತು. ಮಗ ಬೆಳಿಗ್ಗೆಯೇ ಮಿಲ್ಲಿಗೆ ಹೋಗುತ್ತಿದ್ದ, ಸೊಸೆ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಸುದ್ದಿ ಕೇಳಿದ ಅತ್ತಿಗೆ ಡಬ್ಬಿಯಲ್ಲಿ ಸಾರನ್ನ ಕಲಸಿಕೊಂಡು ಹೊರಟರು. ನಾನೂ ಹೋದೆ. ಲಿಂಗಮ್ಮ ಏಳಲು ಹೋಗಿ, ಆಗದೆ, ಗೋಡೆಗೆ ಒರಗಿ ಬಿದ್ದಿದ್ದಳು. ಅತ್ತಿಗೆ ಕೈ ಚಾಚಿದರೆ ಹಿಂದೆ ಸರಿದಳು.

"ಬ್ಯಾಡಿ ಕಣಮ್ಮ. ಮೈಗೆ ನೀರು ಬಿದ್ದು ಎಷ್ಟು ದಿನ ಆಯ್ತೋ. ನಿಮ್ ಮಡಿ ಕೆಟ್ಟೋಯ್ತದೆ."

ಅತ್ತಿಗೆಯ ಮುಖ ಕಪ್ಪಿಟ್ಟಿತು. ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದರು.

ಅಂದಿನಿಂದ ದಿನಾ ಹೋದರು. ಮೈ ಒರೆಸುವುದು, ತಲೆ ಬಾಚುವುದು, ಉಣಿಸುವುದು. ಲಿಂಗಮ್ಮನಿಗೆ ಎಮ್ಮೆಯನ್ನು ಬೈಯದೆ ತುತ್ತು ಇಳಿಯುತ್ತಿರಲಿಲ್ಲ. ಅದನ್ನು ಕೇಳಿ ಅತ್ತಿಗೆ ನಗುವುದನ್ನು ಬಹಳ ದಿನದ ಮೇಲೆ ನೋಡಿದೆ. ಮನೆಗೆ ಬಂದು ಹಸಿವು ಎನ್ನುತ್ತಿದ್ದರು, ಉಣ್ಣುತ್ತಿದ್ದರು. ಇನ್ನೊಬ್ಬರ ನೋವಿಗೆ ಕೈ ಹಾಕಿದಷ್ಟು ಹೊತ್ತು ತನ್ನದು ಸುಮ್ಮನಿರುತ್ತದೆ ಎಂದರು. ಪೂರ್ತಿ ಏನೂ ಹೋಗಲಿಲ್ಲ. ಒಂದು ದಿನ ವಾಪಸು ಬರುವಾಗ ರಸ್ತೆಯಲ್ಲೇ ಅತ್ತುಬಿಟ್ಟರು.

"ಎತ್ತೋದು ಇಷ್ಟು ಸುಲಭ ಪ್ರಭಾ. ಅತ್ತೆ ಇವಳಿಗಿಂತ ಹಗುರ ಇದ್ರು."

ದೊಡ್ಡಮ್ಮನ ಮೊದಲ ತಿಥಿ ಬಂತು. ಬ್ರಾಹ್ಮಣರ ಊಟ ಮುಗಿದು ನೆಂಟರೆಲ್ಲ ಎಲೆ ಮುಂದೆ ಕೂತಿದ್ದೆವು. ಅತ್ತಿಗೆ ಪಾಯಸ ಬಡಿಸುತ್ತಿದ್ದರು. ಅಣ್ಣ ಶುರುಮಾಡಿದ: "ನಮ್ಮಮ್ಮ ಬಿದ್ದಾಗ್ಲೂ ಇವಳು..."

"ಸಾಕು" ಎಂದರು ಅತ್ತಿಗೆ. ಪಾತ್ರೆ ಕೆಳಗಿಟ್ಟರು. "ಅತ್ತೆ ನನ್ನ ಹೆಸರು ಹಿಡಿದು ಕೂಗಿದ್ರು. ನಾನು ಎತ್ತಲಿಲ್ಲ. ಅದು ತಪ್ಪು. ಇನ್ಮೇಲೆ ಅದನ್ನ ಯಾರೂ ಹೊಗಳಬೇಡಿ."

ಅಣ್ಣ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟ. ತಲೆ ಎತ್ತದೆಯೇ ಹೇಳಿದ.

"ನಾನು ಬಚ್ಚಲಲ್ಲಿ ಇರ್ಲಿಲ್ಲ ಕಣೇ. ಸ್ನಾನ ಆಗಿತ್ತು. ನಡುಮನೆ ಬಾಗಿಲ ಹಿಂದೆ ನಿಂತಿದ್ದೆ. ಅಮ್ಮ ಕೂಗಿದ್ದೂ ಕೇಳಿಸ್ತು, ನೀನು ಕರೆದಿದ್ದೂ ಕೇಳಿಸ್ತು. ನಾನೂ ಮಡೀಲಿದ್ದೆ. ನೀನೇ ಎತ್ತುತೀಯ ಅಂತ ಕಾದೆ."

ನನಗೆ ಬಂದ ಸಿಟ್ಟಿಗೆ ಎಲೆ ಬಿಟ್ಟು ಎದ್ದುಬಿಡೋಣವೆನಿಸಿತು. ಇಷ್ಟು ದಿನ ಹೆಂಡತಿಯನ್ನು ಹೊಗಳಿ ಹೊಗಳಿ ತನ್ನದನ್ನು ಮುಚ್ಚಿಕೊಂಡಿದ್ದನಲ್ಲ, ಮಹಾನುಭಾವ. ಅತ್ತಿಗೆಗೆ ಮಾತ್ರ ಸಿಟ್ಟು ಬರಲಿಲ್ಲ. ಅವನು ಅರ್ಧ ಎದ್ದಿದ್ದ, ಅದನ್ನು ನೋಡಿದರು. ಎಲ್ಲರೆದುರಿಗೇ ಅವನ ಪಕ್ಕ ನೆಲದ ಮೇಲೆ ಕೂತರು.

"ಎಲೆ ಬಿಟ್ಟು ಏಳಬೇಡಿ, ಊಟ ಮಾಡಿ" ಎಂದರು. "ನಾಳೆ ಬೆಳಿಗ್ಗೆ ನನ್ ಜೊತೆ ಬನ್ನಿ. ಲಿಂಗಮ್ಮನ್ನ ಆಚೆ ಬಿಸಿಲಿಗೆ ಕರಕೊಂಡ್ ಬಂದು ಕೂರಿಸ್ಬೇಕು. ಒಬ್ಬಳ ಕೈಲಿ ಆಗಲ್ಲ."